ಇದ್ದೊಂದು ಕುರ್ಚಿ

ಬೊಳ್ಳಮ್ಮ ನಮ್ಮ ಎಸ್ಟೇಟಿನ ಸಾಹುಕಾರರ ಸೊಸೆ. ಈ ವರ್ಷ ಊರಿನ ಶಾಲೆಗೆ ಟೀಚರಾಗಿ ಸೇರಿದ್ದಾರೆ. ಮಕ್ಕಳ ಜೊತೆ ನೆಲದಲ್ಲೇ ಕೂರುತ್ತಾರೆ, ಟೀಚರ್ ಅನ್ನಬೇಡಿ, ಹೆಸರು ಹಿಡಿದು ಕರೆಯಿರಿ ಎನ್ನುತ್ತಾರೆ. ನನ್ನ ತಂಗಿ ಚಿಕ್ಕಿ ಅದನ್ನು ನಂಬಿದಳು. ಭಾನುವಾರ ಎಸ್ಟೇಟಿನಲ್ಲಿ ಕಾಫಿ ತೂಗುವ ಹೊತ್ತಿಗೆ ಅವರು ಬಂದಿದ್ದರು; ಆಳುಗಳೆಲ್ಲ ನಿಂತಿರುವಾಗ ಚಿಕ್ಕಿ "ಬೊಳ್ಳಮ್ಮಾ!" ಎಂದು ಕೂಗಿ ಕೈಬೀಸಿದಳು.

ಅವರೂ ನಗುತ್ತ ಕೈಬೀಸಿ ಕಾರು ಹತ್ತಿದರು. ಕಾರು ಮರೆಯಾದದ್ದೇ ಆಳುಗಳ ಲೆಕ್ಕ ಬರೆಯುವ ರೈಟರ್ ವಸಂತ ನಮ್ಮಮ್ಮನ ಕಡೆ ತಿರುಗಿದ.

"ಏನಮ್ಮೋ, ಮಗಳು ಸಾಹುಕಾರ್ತಿ ಆದ್ಲಾ? ಹಂಗಾದ್ರೆ ನಿಮ್ಗ್ಯಾಕೆ ಆಳುಗಳ ಲೈನ್ ಮನೆ? ಬಂಗ್ಲೆಗೇ ಹೋಗಿ ಮಲಗಿ."

ಎಲ್ಲರೂ ನಕ್ಕರು. ಅಮ್ಮ ಅಲ್ಲೇ ಹೇಳಿಬಿಟ್ಟಳು: "ನಾಳೆಯಿಂದ ಇವ್ಳಿಗೆ ಸ್ಕೂಲ್ ಬೇಡ. ಕಾಫಿ ಪಿಕ್ಕಿಂಗಿಗೆ ಬರ್ಲಿ."

ನನಗೆ ಮೈ ಉರಿಯಿತು. ನಾನು ಶಾಲೆ ಬಿಟ್ಟಿದ್ದು ಮೇಷ್ಟ್ರು ಹೊಡೆದರೆಂದು. ಇವಳು ಬಿಡಬೇಕಾದದ್ದು ಟೀಚರ್ ಹೊಡೆಯಲಿಲ್ಲವೆಂದೇ?

ಸೋಮವಾರ ಶಾಲೆಯ ಬಾಗಿಲಲ್ಲೇ ನಿಂತು ಕೂಗಾಡಿದೆ. "ಇಲ್ಲಿ ಸಮ, ತೋಟದಲ್ಲಿ ಆಳು! ನಿಮ್ಮ ಆಟಕ್ಕೆ ನಮ್ಮ ಮನೆ ಹೋಗ್ಬೇಕಾ?"

"ಒಳಗೆ ಬಾ ಮಲ್ಲ. ರೈಟರಿಗೆ ನಾನು ಹೇಳ್ತೀನಿ," ಎಂದರು ಬೊಳ್ಳಮ್ಮ.

"ನೀವು ಹೇಳಿದ್ರೆ ಕೇಳ್ತಾನೆ. ಅದನ್ನೇ ನಾನು ಹೇಳ್ತಿರೋದು!"

ಏನು ಹೇಳುತ್ತಿದ್ದೆನೋ ನನಗೇ ಪೂರ್ತಿ ತಿಳಿಯಲಿಲ್ಲ.

"ಹಾಗಾದ್ರೆ ಏನು ಮಾಡ್ಲಿ, ನೀನೇ ಹೇಳು," ಎಂದರು.

ಬೈದರೆ ತಿರುಗಿ ಬೈಯಬಲ್ಲೆ. ಹೀಗೆ ಕೇಳಿದರೆ? "ಅಮ್ಮನ್ನ ಬಂದು ಕೇಳಿ," ಎಂದುಬಿಟ್ಟೆ.

ಸಂಜೆ ಬಂದೇ ಬಂದರು. ಅಮ್ಮ ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿ ಇಟ್ಟಳು. ಬೊಳ್ಳಮ್ಮ ಶಾಲೆಯಲ್ಲಿ ಕೂರುವಂತೆ ನೆಲಕ್ಕೇ ಕೂತರು. ಅಮ್ಮ ಕಂಗಾಲಾದಳು. ಸಾಹುಕಾರರ ಸೊಸೆ ನೆಲದಲ್ಲಿದ್ದರೆ ತಾನೆಲ್ಲಿ ಕೂರುವುದು? ಅದಕ್ಕಿಂತ ತಗ್ಗಿನ ಜಾಗ ಮನೆಯಲ್ಲಿರಲಿಲ್ಲ. ಹೊಸ್ತಿಲು ದಾಟಿ ಅಂಗಳಕ್ಕಿಳಿದು ನಿಂತಳು.

"ಒಳಗೆ ಬನ್ನಿ ಅಕ್ಕಾ. ಚಿಕ್ಕೀನ ಕಳ್ಸಿ."

"ನೀವು ಮೇಲೆ ಕೂತ್ಕೊಳ್ಳಿ ಅಮ್ಮಾರೆ, ನಿಮ್ಮ ಕಾಲಿಗೆ ಬೀಳ್ತೀನಿ. ಆಮೇಲೆ ಮಾತು."

"ನೀವು ಕೂತ್ರೆ ನಾನೂ ಕೂರ್ತೀನಿ."

ಇಬ್ಬರೂ ಸೋಲಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ? ನೆಲದಲ್ಲಿದ್ದವರ ಮೇಲೋ, ಅಂಗಳದಲ್ಲಿದ್ದವಳ ಮೇಲೋ?

"ಯಾರಿಗೂ ಬೇಡ್ವಾ ಹಂಗಾದ್ರೆ?" ಎಂದು ಚಿಕ್ಕಿ ಹೋಗಿ ಕುರ್ಚಿಯಲ್ಲಿ ಕೂತಳು. "ಬೊಳ್ಳಮ್ಮಾ, ನಾಳೆ ನಾನು ಬರ್ತೀನಿ."

ಅಮ್ಮ ಕೈ ಎತ್ತಿಕೊಂಡೇ ಒಳಗೆ ನುಗ್ಗಿದಳು. ನಾನು ಆ ಕೈ ಹಿಡಿದುಕೊಂಡೆ.

"ಬಿಡೋ!"

ಸರಿಯೋ ತಪ್ಪೋ ಗೊತ್ತಾಗಲಿಲ್ಲ. ಬಿಡಲಿಲ್ಲ.