ತುಟಿ ಕಾಣದ ಹುಡುಗಿ

ಕಣ್ಣು ಕಾಣದ ಮಕ್ಕಳು ಬೆರಳಿನಿಂದ ಓದುವ ಬ್ರೈಲ್ ಕಥೆಪುಸ್ತಕಗಳಲ್ಲಿ, ಚಿತ್ರವಿದ್ದ ಜಾಗಕ್ಕೆ ಎರಡು ಸಾಲು ಬರೆಯುವುದು ಇವಳ ಕೆಲಸ. ಚಿತ್ರದಲ್ಲಿ ಏನಿದೆಯೋ ಅದನ್ನು ಮಾತಿನಲ್ಲಿ ಹೇಳಬೇಕು. ಹನ್ನೊಂದು ವರ್ಷದಲ್ಲಿ ಕೈ ಪಳಗಿತ್ತು.

ಆ ದಿನ ಬಂದದ್ದು ಜಲವರ್ಣದ ಚಿತ್ರ. ಹದಿನಾಲ್ಕರ ಹುಡುಗಿಯೊಬ್ಬಳು ಕಿಟಕಿಯ ಕಟ್ಟೆಯ ಮೇಲೆ ಮೊಣಕಾಲಿಗೆ ಮುಖ ಆನಿಸಿ ಕೂತಿದ್ದಳು. ಸುತ್ತಲೂ ನೀಲಿ ನೀರುನೀರಾಗಿ ಹರಡಿತ್ತು. ಇವಳು ಹೆಚ್ಚು ಯೋಚಿಸದೆ ಬರೆದಳು: ‘ಜೊತೆಗೆ ಯಾರೂ ಇಲ್ಲವೆಂದು ಹುಡುಗಿ ಬೇಸರದಿಂದ ಕೂತಿದ್ದಾಳೆ.’

ಕರಡು ತಿದ್ದುವವರನ್ನು ಕಚೇರಿಯಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಹುಟ್ಟಿನಿಂದ ಅವರಿಗೆ ಕಣ್ಣು ಕಾಣದು. ಸಾಲಿನ ಮೇಲೆ ಬೆರಳಾಡಿಸಿ ಇವಳನ್ನು ಕರೆದರು.

“ಬೇಸರ ಎಲ್ಲಿದೆಯಮ್ಮಾ? ಕಣ್ಣಲ್ಲಾ?”

“ಕಣ್ಣು ಮುಚ್ಕೊಂಡಿದಾಳೆ ಮೇಷ್ಟ್ರೇ.”

“ತುಟಿ?”

“ಮೊಣಕಾಲು ಅಡ್ಡ ಇದೆ. ಕಾಣಲ್ಲ.”

“ಕಣ್ಣು ಮುಚ್ಚಿದ್ದಕ್ಕೆಲ್ಲ ಬೇಸರ ಅಂದ್ರೆ, ನಾನು ಅರವತ್ತು ವರ್ಷದಿಂದ ಅಳ್ತಾನೇ ಇರ್ಬೇಕಿತ್ತು!” ಎಂದು ನಕ್ಕರು. “ಇನ್ನೊಂದ್ಸಲ ನೋಡು. ನಿನ್ನನ್ನಲ್ಲ, ಅವಳನ್ನ.”

ಮಾತು ನಾಟಿತು. ಮತ್ತೆ ನೋಡಿದಾಗ, ಹುಡುಗಿ ಕೆಳಗೆ ಇಳಿಬಿಟ್ಟ ಇನ್ನೊಂದು ಕಾಲು ಕಂಡಿತು. ಹೆಬ್ಬೆರಳ ತುದಿಯಲ್ಲಿ ಚಪ್ಪಲಿ ತೂಗುತ್ತಿತ್ತು.

ಇವಳ ತಂಗಿಯೂ ಹೀಗೇ ಕೂರುತ್ತಿದ್ದಳು. ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸಾಕಿದ್ದು ಇವಳೇ. ತಂಗಿ ಮದುವೆಯಾಗಿ ಹೋಗಿ ಈಗ ಎರಡು ತಿಂಗಳು. ಊಟದ ಬಿಡುವಿನಲ್ಲಿ ಇವಳು ತಂಗಿಗೆ ಫೋನ್ ಮಾಡಿದಳು.

“ಚಿಕ್ಕವಳಿದ್ದಾಗ ಕಿಟಕೀಲಿ ಕೂತ್ಕೋತಿದ್ಯಲ್ಲ, ತುಂಬಾ ಬೇಜಾರಾಗ್ತಿತ್ತೇನೇ?”

“ಬೇಜಾರಾ? ಅಯ್ಯೋ, ಅದೊಂದೇ ಸುಖ ಆಗ! ನೀನು ಪಕ್ಕ ಬಂದು ‘ಏನಾಯ್ತು ಪುಟ್ಟಿ, ಯಾಕೆ ಒಬ್ಳೇ’ ಅಂತ ಶುರು ಮಾಡ್ತಿದ್ದೆ ನೋಡು, ಆಗ ಬೇಜಾರಾಗ್ತಿತ್ತು.” ತಂಗಿ ಗಲಗಲ ನಕ್ಕಳು. ಆ ಕಡೆ ಯಾರೋ ಅವಳನ್ನು ಕರೆದರು. “ಆಮೇಲೆ ಮಾಡ್ತೀನಿ ಅಕ್ಕಾ.”

ಫೋನ್ ಇಡುವವರೆಗೆ ಇವಳೂ ನಗುತ್ತಿದ್ದಳು. ಆಮೇಲೆ ಕೈಲಿದ್ದ ತುತ್ತನ್ನು ಡಬ್ಬಿಗೇ ಹಾಕಿದಳು. ಅಷ್ಟು ವರ್ಷ ಆ ಕಿಟಕಿಯ ಪಕ್ಕ ಜೊತೆ ಬೇಕಿದ್ದದ್ದು ತಂಗಿಗಲ್ಲ, ತನಗೆ. ಡಬ್ಬಿ ಮುಚ್ಚಿಟ್ಟಳು.

ಹಳೆಯ ಸಾಲು ಹೊಡೆದುಹಾಕಿ ಹೊಸದು ಬರೆದಳು: ‘ಹುಡುಗಿ ಕಿಟಕಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಾಳೆ. ಒಂದು ಕಾಲು ಇಳಿಬಿಟ್ಟಿದ್ದಾಳೆ. ಬೆರಳ ತುದಿಯಲ್ಲಿ ಚಪ್ಪಲಿ ತೂಗುತ್ತಿದೆ.’

ಮೇಷ್ಟ್ರು ಓದಿ ತಲೆಯಾಡಿಸಿದರು. “ಹ್ಞಾಂ. ಮಿಕ್ಕಿದ್ದು ಮಕ್ಕಳಿಗೆ ಬಿಡು.”

ಸಂಜೆ ಬೀಗ ತೆಗೆದು ಮನೆಯೊಳಗೆ ಬಂದಳು. ತಂಗಿಯ ಫೋನ್ ಬರಲಿಲ್ಲ. ತಾನೇ ಮಾಡೋಣವೆಂದು ಎರಡು ಸಲ ಕೈಗೆತ್ತಿಕೊಂಡು, ಎರಡು ಸಲವೂ ಕೆಳಗಿಟ್ಟಳು. ಮೂರನೆಯ ಸಲ ಕೈ ಅತ್ತ ಹೋದಾಗ ಎದ್ದು, ಫೋನನ್ನು ಅಲ್ಲೇ ಬಿಟ್ಟು, ಬಾಗಿಲೆಳೆದುಕೊಂಡು ಬೀದಿಗೆ ಇಳಿದಳು.