ಇಳಿಯುವ ಪಾಠ

ಕಾಲೇಜಿನ ಬಾಸ್ಕೆಟ್‌ಬಾಲ್ ಅಂಗಳದ ಅಂಚಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಬಂದದ್ದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಸಿಂಹಾಸನಗಳನ್ನು ಯಾರು ಏರಿದರು, ಯಾರು ಇಳಿದರು ಎಂದು ಬರೆದಿಡುವುದಕ್ಕೆ ಹಿಂದೆ ಸಂಬಳದ ಜನ ಇರುತ್ತಿದ್ದರು. ಈ ಕುರ್ಚಿಗೆ ಆ ಯೋಗವಿಲ್ಲ. ಅದು ರಸಾಯನಶಾಸ್ತ್ರದ ಪ್ರಯೋಗಾಲಯದಿಂದ ಬಂದದ್ದು, ಒಂದು ಕೈ ಮುರಿದಿತ್ತು, ಒಂದು ಕಾಲದಲ್ಲಿ ನೀಲಿಯಾಗಿತ್ತು. ಆದರೂ ಅದನ್ನು ಕಂಡ ತಕ್ಷಣ ತಂಡದ ಹುಡುಗಿಯರೆಲ್ಲ ಓಡುವುದನ್ನು ನಿಲ್ಲಿಸಿ ಚೆಂಡು ಎಲ್ಲಿ ಉರುಳಿತೆಂಬ ಪರಿವೆಯೂ ಇಲ್ಲದೆ ನೋಡುತ್ತ ನಿಂತರು. ಯಾಕೆಂದರೆ ಅವರ ಕೋಚ್ ಅದರ ಮೇಲೆ ಕೂತಿದ್ದಳು. ಕೋಚ್ ಕೂತದ್ದನ್ನು ಅವರಲ್ಲಿ ಯಾರೂ ಅದುವರೆಗೆ ಕಂಡವರಲ್ಲ.

"ಮೇಡಂಗೆ ಹುಷಾರಿಲ್ವೇನೇ?"

"ಜ್ವರ ಬಂದಾಗ್ಲೂ ಓಡಿದ್ರಲ್ಲೇ ಅವ್ರು. ಇದೇನೋ ಬೇರೆ. ಕೆಲಸ ಬಿಡ್ತಾರೋ ಏನೋ."

ಬಿಡುವ ಮಾತೇ ಇರಲಿಲ್ಲ. ಆ ಕೆಲಸ ಸಿಗುವುದಕ್ಕೆ ಅವಳು ಕಾದ ಕಾಯುವಿಕೆ ಅಷ್ಟಿಷ್ಟಲ್ಲ. ಇದೇ ಅಂಗಳದಲ್ಲಿ ವಿದ್ಯಾರ್ಥಿನಿಯಾಗಿ ಆಡುವಾಗ ಅವಳ ಹೆಸರು ಸ್ಪ್ರಿಂಗ್. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದನ್ನು ಕೂಗಿದರೆ ಅವಳಿಗೇ ಸ್ವಲ್ಪ ತಡವಾಗಿ ಹೊಳೆಯುತ್ತಿತ್ತು. ನೆಗೆದರೆ ಮೇಲೆ ಹೋಗಿ, ಅಲ್ಲೇ ಒಂದಿಷ್ಟು ಯೋಚನೆ ಮಾಡಿ, ಬೇಕೆನಿಸಿದಾಗ ಇಳಿಯುತ್ತಾಳೆ ಎಂದು ಎದುರು ತಂಡದವರು ರೆಫರಿಗೆ ದೂರು ಕೊಟ್ಟದ್ದೂ ಉಂಟು. ಕೊನೆಯ ವರ್ಷದ ಒಂದು ಪಂದ್ಯದಲ್ಲಿ ಹಾಗೆ ಇಳಿಯುವಾಗ ಕೆಳಗೆ ಇನ್ನಾರದೋ ಪಾದವಿತ್ತು. ಬಲ ಮಂಡಿ ಹೊರಳಿತು. ಆಮೇಲೆ ಶಸ್ತ್ರಚಿಕಿತ್ಸೆ, ಊರುಗೋಲು. ಅದಾದ ಮೇಲೆ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಎಂಟು ವರ್ಷ ನೆಲದಲ್ಲಿ ಕೂತು ಬೇರೆಯವರ ಪಾದಕ್ಕೆ ಬೂಟು ಹೊಂದಿಸುವ ಕೆಲಸ. ಎಲ್ಲೋ ಚೆಂಡು ಪುಟಿಯುವ ಸದ್ದು ಕೇಳಿದರೆ ಗಿರಾಕಿಯ ಲೇಸನ್ನು ಇನ್ನೊಂದು ಬೂಟಿನ ಲೇಸಿಗೆ ಸೇರಿಸಿ ಕಟ್ಟಿಬಿಡುತ್ತಿದ್ದಳು.

ಪ್ರಾಂಶುಪಾಲರು ಅವಳನ್ನು ಕರೆಸಿ ಒಂದು ವರ್ಷದ ಮಟ್ಟಿಗೆ ಕೋಚ್ ಮಾಡಿದ್ದು ಹಳೆಯ ಪರಿಚಯದಿಂದಲೇ. ಅವರು ಅವಳಿಗೆ ರಸಾಯನಶಾಸ್ತ್ರ ಕಲಿಸಿದವರು. ಅವಳು ಅವರ ತರಗತಿಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದವಳು.

"ನೋಡಮ್ಮ," ಎಂದಿದ್ದರು ಅವರು, "ನಮ್ಮ ಹುಡುಗೀರು ಟೂರ್ನಿಗೆ ಹೋಗ್ತಾರೆ, ಮೊದಲನೇ ಪಂದ್ಯ ಸೋತು ಮಧ್ಯಾಹ್ನದ ಬಸ್ಸಿಗೆ ಬಂದುಬಿಡ್ತಾರೆ. ಬಸ್ಸಿನೋರಿಗೂ ಅಭ್ಯಾಸ ಆಗಿಹೋಗಿದೆ, ಸೀಟು ಹಿಡಿದಿಟ್ಟಿರ್ತಾರೆ. ಒಂದೇ ಒಂದು ಸುತ್ತು ದಾಟಿಸಿ, ಕೆಲಸ ಖಾಯಂ ಮಾಡಿಸೋ ಜವಾಬ್ದಾರಿ ನಂದು. ಇಲ್ಲಾಂದ್ರೆ ಆಡಳಿತ ಮಂಡಳಿಯೋರು ಇದನ್ನೂ ಕೇರಂ ನೋಡ್ಕೊಳ್ಳೋ ಮೇಷ್ಟ್ರ ತಲೆಗೇ ಕಟ್ತಾರೆ."

ಅವಳು ಕಲಿಸುತ್ತಿದ್ದ ಬಗೆ ಒಂದೇ: ಮಾಡಿ ತೋರಿಸುವುದು. ಚೆಂಡು ಹಿಡಿದು ಓಡಿ, ನೆಗೆದು, ಬುಟ್ಟಿಗೆ ಹಾಕಿ, ಇಳಿದು, "ಹೀಗೆ" ಎನ್ನುವಳು. ಅವಳ ಬೋಧನೆಯ ಸಮಸ್ತ ಶಬ್ದಭಂಡಾರ ಆ ಎರಡಕ್ಷರ. ಹುಡುಗಿಯರು ಕಣ್ಣು ಮಿಟುಕಿಸದೆ ನೋಡುವರು, ಅದೇ ರೀತಿ ಮಾಡುವರು. ಒಂದೇ ತಿಂಗಳಲ್ಲಿ ತಂಡ ಗುರುತು ಸಿಗದಷ್ಟು ಬದಲಾಯಿತು. ಅಷ್ಟು ಚೆನ್ನಾಗಿ ತನ್ನನ್ನು ಅನುಕರಿಸುವ ಹುಡುಗಿಯರನ್ನು ಕಂಡರೆ ಯಾವ ಗುರುವಿಗಾದರೂ ಎದೆ ಉಬ್ಬುತ್ತದೆ, ಅವಳದೂ ಉಬ್ಬಿತ್ತು.

ಅದರ ಗಾಳಿ ತೆಗೆದವಳು ಅವಳ ತಾಯಿ. ಮನೆಯ ಬೀಗದ ಕೈ ಮರೆತು ಬಂದ ಮಗಳಿಗೆ ಅದನ್ನು ಕೊಟ್ಟು ಹೋಗಲು ಅಂಗಳಕ್ಕೆ ಬಂದ ತಾಯಿ, ಬಂದವಳು ಹಾಗೇ ಕಟ್ಟೆಯ ಮೇಲೆ ಕೂತು ಅಭ್ಯಾಸ ನೋಡಿದಳು. ಬೆರಳಚ್ಚು ಶಾಲೆ ನಡೆಸಿ ನಿವೃತ್ತಳಾದವಳು ಆಕೆ. ಯಾರ ಕೈಯಲ್ಲಿ ಯಾವ ಬೆರಳು ಮೈಗಳ್ಳ ಎಂದು ದೂರದಿಂದಲೇ ಹೇಳಬಲ್ಲವಳು. ಹುಡುಗಿಯರು ಒಬ್ಬರ ಹಿಂದೊಬ್ಬರು ಓಡಿ ಬಂದು, ನೆಗೆದು, ಬುಟ್ಟಿಗೆ ಹಾಕಿ ಇಳಿಯುತ್ತಿದ್ದರು. ತಾಯಿ ಸೆರಗು ಬಾಯಿಗೊತ್ತಿಕೊಂಡು ನಗಲು ಶುರುಮಾಡಿದಳು.

"ಏನಮ್ಮ, ಏನಾಯ್ತು?"

"ಅಲ್ಲ ಕಣೇ, ಇವ್ರೆಲ್ಲರ ಮಂಡಿಗೂ ಆಪರೇಷನ್ ಆಗಿದ್ಯಾ?"

"ಯಾಕೆ?"

"ಎಲ್ಲಾರೂ ನಿನ್ನ ಹಾಗೇ ಕುಂಟ್ತಾರಲ್ಲೇ!"

ಕೋಚ್ ತಿರುಗಿ ನೋಡಿದಳು. ಅಲ್ಲಿಯತನಕ ಅವಳು ನೋಡುತ್ತಿದ್ದದ್ದು ಕೈಗಳನ್ನು, ಚೆಂಡನ್ನು, ಬುಟ್ಟಿಯನ್ನು. ಈಗ ಕಾಲು ನೋಡಿದಳು. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳಾದ, ಎಲ್ಲರ ಸಂದಿಯಿಂದಲೂ ತೂರಿಹೋಗುವ ಸೂಜಿ ಎಂಬ ಹುಡುಗಿ ನೆಗೆದು ಎಡಗಾಲಿನ ಮೇಲೆ ಮಾತ್ರ ಇಳಿದು, ಒಂದು ಪುಟ್ಟ ಕುಪ್ಪಳ ಹಾಕಿ, ಆಮೇಲೆ ಬಲಗಾಲನ್ನು ಬಿಸಿ ಹಂಚಿಗೆ ತಾಗಿಸುವ ಹಾಗೆ ಮೆಲ್ಲಗೆ ಊರಿದಳು. ಅವಳ ಹಿಂದೆ ಬಂದ, ಏಣಿ ಎಂಬ ಉದ್ದನೆಯ ಹುಡುಗಿಯೂ ಅಷ್ಟೇ. ಅವಳ ಹಿಂದಿನವಳೂ. ಇಡೀ ತಂಡ ಒಂದಿಷ್ಟೂ ತಪ್ಪಿಲ್ಲದೆ, ಭಯಭಕ್ತಿಯಿಂದ, ಕೋಚ್‌ನ ಹಳೆಯ ಗಾಯವನ್ನು ಕಲಿತುಕೊಂಡಿತ್ತು.

ಕೋಚ್‌ಗೆ ನಗು ಬರಲಿಲ್ಲ. ಎಲ್ಲರನ್ನೂ ಕರೆದು ಯಾರಿಗೆ ಕಾಲು ನೋವಿದೆ ಎಂದು ಕೇಳಿದಳು. ಎಲ್ಲರ ಕಣ್ಣೂ ಸೂಜಿಯ ಕಡೆ ಹೋಯಿತು. ಸೂಜಿಯ ಕಣ್ಣು ಆಕಾಶದ ಕಡೆ ಹೋಯಿತು.

"ಸ್ವಲ್ಪ ಮೇಡಂ. ಮೆಟ್ಟಿಲು ಹತ್ತೋವಾಗ ಮಾತ್ರ. ಆದ್ರೆ ನಿಮ್ಗೆ ಬಲ ಮಂಡಿ ಅಲ್ವಾ? ನಂಗೆ ಎಡ. ಅದು ಬೇರೆ ಅಂದ್ಕೊಂಡೆ."

"ಬೇರೆ ಅಲ್ಲ. ನಿನ್ನ ಎಡಗಾಲು ನಿನ್ನ ಭಾರ ಪೂರ್ತಿ ಒಂದೇ ಹೊರ್ತಾ ಇದೆ. ನಿಂಗೆ ಎರಡು ಕಾಲಿದೆ ಅನ್ನೋದು ನೀನೂ ಮರ್ತೆ, ನಾನೂ ಮರ್ತೆ."

ಟೂರ್ನಿಗೆ ಉಳಿದದ್ದು ಮೂರು ವಾರ. ಈಗ ಇಳಿಯುವುದನ್ನು ತಿದ್ದಲು ಹೊರಟರೆ ಕಲಿತ ವೇಗವೆಲ್ಲ ಹೋಗುತ್ತದೆ, ವೇಗ ಹೋದರೆ ಮೊದಲ ಸುತ್ತು ಹೋಗುತ್ತದೆ, ಅದರ ಬೆನ್ನಿಗೆ ಕೆಲಸ. ತಿದ್ದದೆ ಬಿಟ್ಟರೆ ಹುಡುಗಿಯರ ಮಂಡಿ ಹೋಗುತ್ತದೆ. ರಾತ್ರಿ ಊಟಕ್ಕೆ ಕೂತಾಗ ಮಗಳು ಬರಿದೇ ತಟ್ಟೆಯಲ್ಲಿ ಬೆರಳಾಡಿಸುವುದನ್ನು ತಾಯಿ ನೋಡಿದಳು.

"ನೀನು ತೋರಿಸ್ಬೇಡ, ಹೇಳು," ಎಂದಳು. "ಅಷ್ಟು ವರ್ಷ ಕಲಿಸಿದ್ನಲ್ಲ, ಒಬ್ಬರ ಮೆಷಿನ್ ಮೇಲಾದ್ರೂ ನಾನು ಬೆರಳಿಟ್ಟಿದ್ದು ನೋಡಿದೀಯಾ? ಹಿಂದೆ ನಿಂತ್ಕೊಂಡು ಬಾಯಲ್ಲೇ ಹೇಳ್ತಿದ್ದೆ."

"ನಂಗೆ ಹೇಳೋಕೆ ಬರಲ್ಲಮ್ಮ. ನಾನು ಹೇಗೆ ನೆಗೀತೀನಿ ಅಂತ ನಂಗೇ ಗೊತ್ತಿಲ್ಲ."

"ಗೊತ್ತು ಮಾಡ್ಕೋ. ಅದಕ್ಕೇ ತಾನೇ ಸಂಬಳ ಕೊಡೋದು?"

ಕುರ್ಚಿ ಬಂದದ್ದು ಹೀಗೆ. ಎದ್ದರೆ ಕಾಲು ತಾನಾಗಿ ಓಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಮುರಿದ ಕೈಯ ಕಡೆಗೆ ವಾಲದಂತೆ ಕೂತು, ಉಳಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮೊದಲ ದಿನ ನೋಡುವವರಿಗೆ ಹಬ್ಬ. "ಹೀಗೆ" ಎಂದಳು. ಕೂತೇ ಎರಡು ಕೈ ಎತ್ತಿ ಇಳಿಸಿ, "ಹಾಗಲ್ಲ, ಹೀಗೆ," ಎಂದಳು.

"ಹೀಗೆ ಅಂದ್ರೆ ಹೇಗೆ ಮೇಡಂ?" ಎಂದಳು ಏಣಿ.

"ಮೆತ್ತಗೆ ಇಳೀರಿ."

ಮೆತ್ತಗೆ ಎಂದ ಕೂಡಲೆ ಅವರು ನೆಗೆಯುವುದನ್ನೇ ನಿಲ್ಲಿಸಿದರು. ಮಂಡಿ ಮಡಿಸಿ ಎಂದರೆ ಕುಕ್ಕರುಗಾಲಲ್ಲಿ ಕೂತರು. ಭಾರ ಹಂಚಿ ಎಂದಾಗ ಸೂಜಿ ಏಣಿಯ ಹೆಗಲ ಮೇಲೆ ಒರಗಿದಳು. ವಾರ ಕಳೆಯುವ ಹೊತ್ತಿಗೆ ತಂಡ ಎಷ್ಟು ಕೆಟ್ಟಿತೆಂದರೆ, ಸುಮ್ಮನೆ ಆಡಲು ಬಂದ ಮೊದಲ ವರ್ಷದ ಹುಡುಗಿಯರು ಅವರನ್ನು ಸೋಲಿಸಿ ಕ್ಷಮೆ ಕೇಳಿ ಹೋದರು. ಕಾರಿಡಾರಿನಲ್ಲಿ ಎದುರಾದ ಕೇರಂ ಮೇಷ್ಟ್ರು ಬಾಸ್ಕೆಟ್‌ಬಾಲಿನ ನಿಯಮದ ಪುಸ್ತಕ ಇದೆಯೇ ಎಂದು ಅವಳನ್ನು ಕೇಳಿದರು.

ಕೋಚ್ ಮನೆಯಲ್ಲಿ ಬಾಗಿಲು ಹಾಕಿಕೊಂಡು ನೆಗೆದಳು. ಕಣ್ಣು ಮುಚ್ಚಿ, ಗಾಯವಾಗುವ ಮೊದಲು ತಾನು ಹೇಗೆ ಇಳಿಯುತ್ತಿದ್ದೆ ಎಂದು ಹುಡುಕಿದಳು. ಮೈಗೆ ನೆನಪಿರುವುದು ಬಾಯಿಗೆ ಬರುವುದಕ್ಕೆ ಒಂದು ಪೂರಾ ಭಾನುವಾರ ಹಿಡಿಯಿತು. ಸೋಮವಾರ ಕುರ್ಚಿಯಲ್ಲಿ ಕೂತು ಕೇಳಿದಳು:

"ಯಾರ ಮನೇಲಿ ಚಿಕ್ಕ ಮಗು ಇದೆ?"

"ನಮ್ಮನೇಲಿದೆ ಮೇಡಂ, ಅಕ್ಕನ ಮಗು," ಎಂದಳು ಏಣಿ. "ಒಂದು ಸಲ ಎದ್ರೆ ಬೀದಿಗೇ ಗೊತ್ತಾಗುತ್ತೆ."

"ಅದು ಹಾಸಿಗೆ ಮೇಲೆ ಮಲಗಿದೆ. ನೀನು ಪಕ್ಕದಲ್ಲಿ ಕೂತ್ಕೋಬೇಕು. ಹೇಗೆ ಕೂರ್ತೀಯ?"

ಏಣಿ ಯೋಚಿಸಿದಳು. ಬೆನ್ನು ತುಸು ಬಾಗಿತು, ಎರಡೂ ಪಾದ ಅಗಲವಾದವು, ಮಂಡಿ ತಾನಾಗಿ ಸಡಿಲಾಗಿ, ಆ ಉದ್ದನೆಯ ದೇಹ ಇಲ್ಲದ ಹಾಸಿಗೆಯ ಮೇಲೆ ಸದ್ದಿಲ್ಲದೆ ಇಳಿಯಿತು.

"ಹಾ! ಅಲ್ಲೇ ನಿಲ್ಲು! ಎಲ್ಲರೂ ನೋಡಿ. ನೆಗೆದು ಬರೋವಾಗ ನೆಲದಲ್ಲಿ ಮಗು ಮಲಗಿದೆ. ಒಂದು ಕಾಲಲ್ಲಿ ಧೊಪ್ಪನೆ ಬಿದ್ರೆ ಎದ್ದುಬಿಡುತ್ತೆ."

ಆಮೇಲೆ ಕೋಚ್ ಹೆಚ್ಚೇನೂ ಹೇಳಬೇಕಾಗಲಿಲ್ಲ. ಯಾರಾದರೂ ಧೊಪ್ಪನೆ ಇಳಿದರೆ ಉಳಿದವರೆಲ್ಲ "ಎದ್ತು! ಮಗು ಎದ್ತು!" ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು. ಅಂಗಳದ ಪಕ್ಕದ ಗ್ರಂಥಾಲಯದವರು ಗದ್ದಲವೆಲ್ಲ ಹುಡುಗಿಯರದೇ, ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ ಎಂದು ಕಳಕಳಿಯಿಂದ ದೂರು ಕೊಟ್ಟರು. ಸದ್ದು ದಿನದಿನಕ್ಕೆ ಕಡಿಮೆಯಾಯಿತು. ವೇಗ ಸ್ವಲ್ಪಸ್ವಲ್ಪವಾಗಿ ಮರಳಿತು. ಸೂಜಿಗೆ ಮಾತ್ರ ಹಳೆಯ ಕುಪ್ಪಳವೇ ಪ್ರಾಣ. ಅದರಿಂದ ಅವಳಿಗೆ ಒಂದು ಹೆಜ್ಜೆ ಉಳಿಯುತ್ತಿತ್ತು.

ಟೂರ್ನಿಯ ಮೊದಲ ಪಂದ್ಯದಲ್ಲಿ ಎದುರಿಗೆ ಬಂದದ್ದು ಹೋದ ವರ್ಷ ಇವರನ್ನು ಮಧ್ಯಾಹ್ನದ ಬಸ್ಸಿಗೆ ಹತ್ತಿಸಿದ ತಂಡವೇ. ಪ್ರಾಂಶುಪಾಲರು ತಂಡದ ಬೆಂಚಿನ ಹಿಂದಿನ ಸಾಲಿನಲ್ಲೇ ಕೂತಿದ್ದರು. ಅರ್ಧ ಆಟಕ್ಕೆ ಏಳು ಅಂಕ ಹಿಂದೆ. ಆಮೇಲೆ ಸೂಜಿ ಜಾಗ ಸಿಕ್ಕಲ್ಲೆಲ್ಲ ತೂರಿ ಒಂದೇ ಸಮನೆ ಬುಟ್ಟಿ ತುಂಬಿದಳು. ಅಂತರ ಒಂದಕ್ಕೆ ಇಳಿಯಿತು. ಜನ ಎದ್ದು ನಿಂತರು. ಆದರೆ ಕೋಚ್ ನೋಡುತ್ತಿದ್ದದ್ದು ಕಾಲನ್ನು. ಸೂಜಿ ಮತ್ತೆ ಎಡಗಾಲಿನ ಮೇಲೆ ಇಳಿಯುತ್ತಿದ್ದಳು, ಪ್ರತಿ ಸಲವೂ ಹಲ್ಲು ಕಚ್ಚುತ್ತಿದ್ದಳು.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತು ಎನ್ನುವಾಗ ಕೋಚ್ ಟೈಮ್‌ಔಟ್ ಕೇಳಿ ಸೂಜಿಯನ್ನು ಹೊರಗೆ ಕರೆದಳು.

"ಮೇಡಂ, ಬೇಡ! ಇನ್ನೊಂದೇ ಬುಟ್ಟಿ! ನಂಗೇನೂ ಆಗಿಲ್ಲ."

"ಆಗಿಲ್ಲ, ಅದಕ್ಕೇ ಕರೆದೆ. ಆದ್ಮೇಲೆ ಕರೆದ್ರೆ ಏನುಪಯೋಗ? ಕೂತ್ಕೋ."

ಹಿಂದಿನ ಸಾಲಿನಿಂದ ಪ್ರಾಂಶುಪಾಲರು ಬಗ್ಗಿದರು. "ಅಮ್ಮ, ಇದೇನಮ್ಮ? ಆ ಹುಡುಗೀನೇ ಕೂರಿಸ್ಬಿಟ್ರಲ್ಲ! ಗೆಲ್ಲೋದು ಬೇಡ್ವಾ?"

"ಬೇಕು ಸರ್."

"ನಾನು ಹೇಳಿದ್ದು ನೆನಪಿದೆ ತಾನೇ?"

"ಅದನ್ನ ಮರೆಯೋಕಾಗುತ್ತಾ ಸರ್? ಆದ್ರೆ ಒಂಬತ್ತು ವರ್ಷದ ಹಿಂದೆ ನನ್ನ ಯಾರೂ ಕರೆದು ಕೂರಿಸ್ಲಿಲ್ಲ."

ಪ್ರಾಂಶುಪಾಲರು ಹಿಂದಕ್ಕೆ ಒರಗಿದರು. ಅಂಗಡಿಯ ಬೂಟಿನ ಪೆಟ್ಟಿಗೆಗಳು ಕೋಚ್‌ನ ಕಣ್ಣ ಮುಂದೆ ಬಂದು ಸಾಲಾಗಿ ನಿಂತವು.

ಸೂಜಿಯ ಬದಲಿಗೆ ಹೋದವಳು ಅವಸರದಲ್ಲಿ ಎಸೆದ ಚೆಂಡು ಬುಟ್ಟಿಯ ಅಂಚಿಗೆ ಬಡಿದು ಹಿಂದಕ್ಕೆ ಬಂತು. ಅದಕ್ಕಾಗಿ ಏಣಿಯೂ ಎದುರು ತಂಡದ ಇಬ್ಬರೂ ಒಟ್ಟಿಗೆ ನೆಗೆದರು. ಚೆಂಡು ಏಣಿಯ ಬೆರಳಿಗೆ ಸಿಕ್ಕಿತು. ಆ ಇಬ್ಬರು ಒಂದೊಂದು ಕಾಲಿನ ಮೇಲೆ ಇಳಿದು, ಓಲಾಡಿ, ಒಬ್ಬರನ್ನೊಬ್ಬರು ಹಿಡಿದುಕೊಂಡು ನೆಟ್ಟಗಾಗುವಷ್ಟರಲ್ಲಿ ಏಣಿ ಎರಡೂ ಪಾದ ಅಗಲಿಸಿ, ಮಂಡಿ ಸಡಿಲಿಸಿ, ಯಾವ ಮಗುವನ್ನೂ ಎಬ್ಬಿಸದೆ ಇಳಿದಿದ್ದಳು. ಹಾಗೆ ಇಳಿದವಳಿಗೆ ಮತ್ತೆ ನೆಗೆಯಲು ಯಾವ ತಯಾರಿಯೂ ಬೇಕಿಲ್ಲ. ಅವರು ಕತ್ತೆತ್ತಿ ನೋಡಿದಾಗ ಅವಳು ಎರಡನೆಯ ಸಲ ಮೇಲಿದ್ದಳು. ಚೆಂಡು ಹಲಗೆಗೆ ತಾಗಿ, ಬುಟ್ಟಿಯೊಳಗೆ ಬಿತ್ತು.

ಬೆಂಚಿನ ಮೇಲಿನ ಹುಡುಗಿಯರು "ಮಗು ಏಳ್ಲಿಲ್ಲ!" ಎಂದು ಕಿರುಚಿದ್ದು ಏನೆಂದು ಎದುರು ತಂಡದವರಿಗೆ ಅರ್ಥವಾಗಲಿಲ್ಲ. ಎಲ್ಲರಿಗಿಂತ ಜೋರಾಗಿ ಕಿರುಚಿದವಳು ಸೂಜಿ. ಕೋಚ್‌ನ ಮೇಲಿನ ಅವಳ ಸಿಟ್ಟು ಅಷ್ಟು ಹೊತ್ತಿಗೆ ಎಲ್ಲಿಗೋ ಹೋಗಿತ್ತು. ಕೋಚ್ ನೆಗೆಯಲಿಲ್ಲ. ಬೆಂಚಿನ ಮೇಲೆ ಕೂತು, ಸೂಜಿಯ ಎಡ ಮಂಡಿಯ ಮೇಲೆ ಐಸ್ ಚೀಲ ಇಟ್ಟು ಒತ್ತಿ ಹಿಡಿದಳು.

ಪಂದ್ಯವನ್ನು ಒಂದು ಅಂಕದಿಂದ ಗೆದ್ದರು. ಎರಡನೆಯ ಸುತ್ತಿನಲ್ಲಿ ಸೂಜಿ ಆಡಲಿಲ್ಲ, ತಂಡ ಇಪ್ಪತ್ತಮೂರು ಅಂಕಗಳಿಂದ ಸೋತಿತು. ಮುಂದಿನ ತಿಂಗಳು ಆಡಳಿತ ಮಂಡಳಿ ಕೋಚ್‌ನ ಕೆಲಸವನ್ನು ಖಾಯಂ ಮಾಡಿತು.