ನೊಣ ಕೂತ ಅಂಗಿ

“ನೆಟ್ಟಗೆ ನಿಂತ್ಕೊಳೇ ಮುಂಡೇದೇ! ಸಾಹೇಬ್ರು ನೋಡ್ಬೇಕಾಗಿರೋದು ಅಂಗೀನ, ನಿನ್ನ ಗೂನು ಬೆನ್ನನ್ನಲ್ಲ.”

ಧಣಿ ನನ್ನ ಭುಜ ಹಿಡಿದು ತಿರುಗಿಸಿದ. ನನಗೆ ತೊಡಿಸಿದ್ದ ಬಿಳಿ ಅಂಗಿಯ ಎಡಗಡೆ ದಾರದ ಕಸೂತಿ, ಬಲಗಡೆ ಬಣ್ಣದ ಅಚ್ಚು. ಎರಡರಲ್ಲೂ ಕಂಪನಿಯ ಗುರುತು, ಅದರ ಕೆಳಗೆ ಅದೇ ಮಾತು: ‘ಶುದ್ಧ ಗಾಳಿ ಎಲ್ಲರ ಹಕ್ಕು’. ಕಂಪನಿಯವರು ಊರಲ್ಲೆಲ್ಲ ನಡಿಗೆ ಮಾಡಿಸುತ್ತಾರಂತೆ, ನಡೆದವರಿಗೆಲ್ಲ ಒಂದೊಂದು ಅಂಗಿ. ಕಸೂತಿಯೋ ಅಚ್ಚೋ ಎಂದು ಆರಿಸಲು ಸಾಹೇಬ ಬಂದಿದ್ದ.

ಕಸೂತಿ ಅನ್ನಲಪ್ಪಾ ಎಂದು ಹಲ್ಲು ಕಚ್ಚಿ ನಿಂತಿದ್ದೆ. ಕಸೂತಿಯಾದರೆ ನನಗೂ ತಂಗಿಗೂ ಮುಂದಿನ ಕೋಣೆಯ ಹೊಲಿಗೆ ಯಂತ್ರ, ತೆರೆದ ಬಾಗಿಲು. ಅಚ್ಚಾದರೆ ಹಿಂದಿನ ಕೋಣೆ. ಅಲ್ಲಿ ಹಸಿ ಬಣ್ಣದ ಮೇಲೆ ಧೂಳು ಬಿದ್ದರೆ ಕಪ್ಪು ಚುಕ್ಕೆಯಾಗುತ್ತದೆ. ಅದಕ್ಕೆ ನಾವು ನೊಣ ಅನ್ನುತ್ತೇವೆ. ನೊಣ ಕೂತ ಅಂಗಿ ಕಸಕ್ಕೆ ಸಮ. ಹಾಗಾಗಿ ಧಣಿ ಕಿಟಕಿಗೆ ಮೊಳೆ ಹೊಡೆಸಿದ್ದಾನೆ. ಬಣ್ಣ ತೆಳು ಮಾಡುವ ಎಣ್ಣೆಯ ಘಾಟು ಕುಡಿದು ಕುಡಿದು, ನನ್ನ ತಂಗಿಗೆ ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಿಗುವುದಿಲ್ಲ.

ಸಾಹೇಬ ನನ್ನ ಕತ್ತಿನ ಕಡೆಯಿಂದ ಅಂಗಿಯೊಳಗೆ ಎರಡು ಬೆರಳು ತೂರಿಸಿ ಕಸೂತಿಯ ಒಳಮೈ ಸವರಿದ. ನನಗೆ ಮೈಯೆಲ್ಲ ಮುಳ್ಳೆದ್ದಿತು.

“ಚುಚ್ಚುತ್ತಲ್ರೀ. ನಮ್ಮೋರ ಮೈ ಸ್ವಲ್ಪ ನಾಜೂಕು.”

“ಒಳಗಡೆ ಮೆತ್ತನೆ ಬಟ್ಟೆ ಕೊಟ್ಟು ಹೊಲಿದ್ರೆ ಚುಚ್ಚಲ್ಲ ಸಾರ್,” ಅಂದುಬಿಟ್ಟೆ.

“ನಿನ್ನ ಯಾರೇ ಕೇಳಿದ್ದು? ಅಂಗಡಿ ಗೊಂಬೆ ಎಲ್ಲಾದ್ರೂ ಮಾತಾಡುತ್ತಾ?” ಧಣಿ ಕಣ್ಣು ಕೆಂಪಗೆ ಮಾಡಿದ.

ಸಾಹೇಬ ನಕ್ಕ. “ಅಚ್ಚೇ ಇರ್ಲಿ ಬಿಡಿ.”

ಮೂರನೇ ದಿನ ಮಧ್ಯಾಹ್ನ ತಂಗಿ ಅಚ್ಚಿನ ಚೌಕಟ್ಟಿನ ಮೇಲೆ ಬಣ್ಣ ಎಳೆಯುತ್ತಿದ್ದವಳು ಹಾಗೇ ನೆಲಕ್ಕೆ ಕುಸಿದಳು. ತುಟಿ ನೇರಳೆಯಾಗಿತ್ತು.

“ಅಕ್ಕಾ... ಎದೆ ಹಿಡ್ಕೊಂಡಿದೆ ಕಣೇ.”

ಬಾಗಿಲು ಬಡಿದೆ. ಚಿಲಕ ಆಚೆಯಿಂದ.

“ಧಣೀ, ಇವಳಿಗೆ ಉಸಿರು ನಿಲ್ತಾ ಇದೆ, ತೆಗೀರಿ!”

“ನಾಟ್ಕ ಸಾಕು, ದರಿದ್ರದೋಳೇ! ಸಾಲಲ್ಲಿರೋ ಅಂಗಿ ಒಣಗ್ಲಿ, ತೆಗೀತೀನಿ. ಈಗ ತೆಗೆದ್ರೆ ನೊಣ ಕೂರುತ್ತೆ.”

ಹಗ್ಗದ ತುಂಬ ಹಸಿ ಅಂಗಿಗಳು ನೇತಾಡುತ್ತಿದ್ದವು. ಒಂದೊಂದರ ಎದೆಯ ಮೇಲೂ ಶುದ್ಧ ಗಾಳಿ. ನನಗೆ ಎಲ್ಲಿತ್ತೋ ಸಿಟ್ಟು, ಅಚ್ಚಿನ ಮರದ ಚೌಕಟ್ಟನ್ನೇ ಎತ್ತಿ ಕಿಟಕಿಗೆ ಬೀಸಿದೆ. ಎರಡನೇ ಏಟಿಗೆ ಗಾಜು ಪುಡಿಯಾಯಿತು.

ಆಚೆ ಆಕಾಶ ಇರಲಿಲ್ಲ. ಪಕ್ಕದ ಕಟ್ಟಡದ ಗೋಡೆ, ಒಂದು ಗೇಣು ದೂರದಲ್ಲಿ. ತಂಗಿಯನ್ನು ಕಂಕುಳಿಗೆ ಕೈ ಹಾಕಿ ಎತ್ತಿ, ಮುಖವನ್ನು ಆ ಒಂದು ಗೇಣಿಗೆ ಹಿಡಿದೆ. ಗೋಡೆಯ ಮಸಿ, ವರ್ಷಗಳ ಧೂಳು ನಮ್ಮ ತಲೆಯ ಮೇಲಿಂದ ಒಳಗೆ ನುಗ್ಗಿತು.

ಆಚೆ ಚಿಲಕ ಕಿರುಗುಟ್ಟಿತು. ಗಾಜಿನ ಸದ್ದಿಗೆ ಧಣಿ ಓಡಿ ಬಂದಿದ್ದ.

“ಅಕ್ಕಾ,” ತಂಗಿ ಏದುಸಿರು ಬಿಡುತ್ತಾ ಅಂಗಿಗಳತ್ತ ಕೈ ತೋರಿಸಿದಳು, “ನೊಣ...”

“ಕೂರ್ಲಿ. ನೀನು ಉಸಿರೆಳ್ಕೋ.”